ಹೆಜ್ಜೆ ಮುಚ್ಚುವ ಮನೆ

ಸೂಲಗಿತ್ತಿ ಮಲ್ಲವ್ವ ಯಾರ ಮನೆಗೆ ಬಂದರೂ ನಮ್ಮೂರಿನಲ್ಲಿ ಅವಳನ್ನು ಮಂಚದ ಮೇಲೆ ಕೂರಿಸುವುದಿಲ್ಲ, ಕಲ್ಲಿನ ಕಟ್ಟೆಯ ಮೇಲೆ ಕೂರಿಸುತ್ತಾರೆ. ಅರ್ಧ ಊರಿನ ಹೆರಿಗೆ ಮಾಡಿಸಿದವಳು ಅವಳು. ಅಷ್ಟು ಮನೆಯವರು ಅವಳನ್ನು ನೆಚ್ಚಿಕೊಂಡಿದ್ದಾರೆ, ಅದಕ್ಕೇ ಅವಳು ಅಷ್ಟು ಭಾರ. ಎರಡು ಮಂಚ ಮುರಿದ ಮೇಲೆ ಜನ ಬುದ್ಧಿ ಕಲಿತರು. ಒಂದು ಮನೆ ನೆಚ್ಚಿದರೆ ಒಂದು ಹಿಡಿ ಜೋಳದ ಭಾರ. ನಮ್ಮೂರಿನ ತೊಟ್ಟಿಲ ಕೂಸಿಗೂ ಇದು ಗೊತ್ತು. ಮದುಮಗನನ್ನು ಕುದುರೆ ಹತ್ತಿಸದೆ ನಡೆಸಿಕೊಂಡು ಬರುವುದು ಕುದುರೆಯ ಮೇಲಿನ ಕನಿಕರಕ್ಕೆ. ಎಲ್ಲರಿಗೂ ಬೇಕಾದ ಅಂಚೆಯವನು ದಾರಿಯುದ್ದಕ್ಕೂ ಜಗಲಿಗಳ ಮೇಲೆ ಕೂತು ಸುಧಾರಿಸಿಕೊಳ್ಳುತ್ತಾನೆ, ಯಾರೂ ಅವನನ್ನು ಮೈಗಳ್ಳ ಎನ್ನುವುದಿಲ್ಲ.

ನನ್ನ ಮೇಲೆ ಅಂಥ ಭಾರ ಯಾವತ್ತೂ ಬಿದ್ದಿರಲಿಲ್ಲ. ಅವ್ವನದೊಂದು ಹಿಡಿ ಇದ್ದೀತು. ಮಳೆ ನಿಂತ ಮರುದಿನ ಎರೆಮಣ್ಣಿನ ಮೇಲೆ ನಾನು ನಡೆದು ಹೋದರೆ ಕೋಳಿ ನಡೆದಷ್ಟು ಗುರುತೂ ಉಳಿಯುತ್ತಿರಲಿಲ್ಲ. ನನಗೂ ಅದೇ ಹಿತವಾಗಿತ್ತು. ನಾಲ್ಕು ಜನ ಒಟ್ಟಿಗೆ ನನ್ನತ್ತ ತಿರುಗಿದರೆ ಸಾಕು, ನನ್ನ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ಊರಿನಲ್ಲಿ ನಾಲ್ಕು ಓಣಿ, ಓಣಿಗೊಂದು ಫುಟ್‌ಬಾಲ್ ತಂಡ. ಸುಗ್ಗಿ ಮುಗಿದ ಮೇಲೆ ಆರು ರವಿವಾರ ಕೆರೆಯ ಕೆಳಗಿನ ಬಯಲಿನಲ್ಲಿ ಬರಿಗಾಲಲ್ಲಿ ಆಟ. ಆಟ ಶುರುವಾಗುವ ಮುಂಚೆ ಪ್ರತಿ ಮನೆಯವರೂ ನಾಲ್ಕು ತಂಡಗಳಿಂದ ಐದು ಹೆಸರು ಆರಿಸಿ ಚಾವಡಿಯ ಗೋಡೆಯ ಮೇಲೆ ಬರೆಸಬೇಕು. ತಾವು ಹೆಸರಿಸಿದವನು ಗೋಲು ಹೊಡೆದರೆ ಮನೆಗೆ ಐದು ಅಂಕ, ಗೋಲಿಗೆ ಚೆಂಡು ಕೊಟ್ಟರೆ ಮೂರು. ಅವನು ಹಿಂದೆ ನಿಂತು ಕಾಯುವವನಾಗಿದ್ದು ಅವನ ತಂಡದ ಮೇಲೆ ಒಂದೂ ಗೋಲು ಆಗದಿದ್ದರೆ ನಾಲ್ಕು. ಐವರಲ್ಲಿ ಒಬ್ಬನನ್ನು ತಲೆ ಮಾಡಬೇಕು. ತಲೆಯಾದವನ ಅಂಕ ಎರಡರಷ್ಟು. ಅವನ ಮೇಲೆ ಬೀಳುವ ಭಾರವೂ ಎರಡರಷ್ಟು. ಸುಣ್ಣದ ಕಡ್ಡಿ ಗೋಡೆಗೆ ತಾಗಿದ ಗಳಿಗೆಯಲ್ಲೇ ಆ ಹುಡುಗ ಎಲ್ಲೇ ಇದ್ದರೂ ಹಿಡಿ ಜೋಳ ಹೆಗಲಿಗೆ ಬಂದು ಕೂರುತ್ತದೆ.

ಆರನೆಯ ವಾರದ ಕೊನೆಗೆ ಎಲ್ಲರಿಗಿಂತ ಹೆಚ್ಚು ಅಂಕ ಬಂದ ಮನೆಯವರು ಊರನ್ನು ಏನಾದರೊಂದು ಕೇಳಬಹುದು. ಎಲ್ಲರಿಗಿಂತ ಹಿಂದೆ ಬಿದ್ದ ಮನೆಗೆ ಗುದ್ದಲಿ ಬರುತ್ತದೆ. ಹೆಸರು ಹೊತ್ತವರ ಕಾಲು ಮಣ್ಣಿನಲ್ಲಿ ಇಳಿದು ಬಯಲೆಲ್ಲ ಗುಂಡಿಯಾಗುತ್ತದಲ್ಲ, ಪ್ರತಿ ಸೋಮವಾರ ಬೆಳಿಗ್ಗೆ ಆ ಹೆಜ್ಜೆಗಳಿಗೆಲ್ಲ ಮಣ್ಣು ತುಂಬಿ, ನೀರು ಚಿಮುಕಿಸಿ, ದಮ್ಮಸು ಹೊಡೆದು ಸಪಾಟು ಮಾಡುವುದು ಗುದ್ದಲಿ ಬಂದ ಮನೆಯ ಕೆಲಸ.

ನಮ್ಮ ಮನೆಗೆ ಆ ಗುದ್ದಲಿ ಬಂದು ಏಳು ವರ್ಷವಾಗಿತ್ತು. ಬಂದದ್ದು ಹೋಗಿರಲೇ ಇಲ್ಲ. ಊರವರು ನಮ್ಮ ಅಡ್ಡಹೆಸರು ಮರೆತು ಗುದ್ದಲಿ ಮನೆ ಎಂದೇ ಕರೆಯುತ್ತಿದ್ದರು. ಅದು ಬಂದ ವರ್ಷವೇ ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಅವ್ವನ ಜೊತೆ ಬಯಲಿಗಿಳಿದೆ. ಅಪ್ಪ ಬಂಡಿಯಲ್ಲಿ ಮಣ್ಣು ತರುತ್ತಿದ್ದ, ಅವ್ವ ದಮ್ಮಸು ಹೊಡೆಯುತ್ತಿದ್ದಳು, ನಾನು ಬುಟ್ಟಿ ಹೊರುತ್ತಿದ್ದೆ. ಹೋದ ವರ್ಷ ಕೊನೆಯ ಸೋಮವಾರ ದಮ್ಮಸು ಎತ್ತಿದ ಅವ್ವ ಅದನ್ನು ಇಳಿಸಲಾರದೆ ಹಾಗೇ ನಿಂತುಬಿಟ್ಟಳು. ಬೆನ್ನು ಹಿಡಿದುಕೊಂಡಿತ್ತು. ನಾಟಿ ವೈದ್ಯ ಎಣ್ಣೆ ತಿಕ್ಕಿ, ಪಟ್ಟಿ ಬಿಗಿದು, "ಇನ್ನೊಂದ ವರ್ಷ ದಮ್ಮಸು ಎತ್ತಿದ್ಲಂದ್ರ ಆಮ್ಯಾಲ ಈಕೀನ್ನ ನೀವು ಎತ್ತಬೇಕಾಗತೈತಿ" ಎಂದ.

ಅಪ್ಪನ ಮುಖ ಸಪ್ಪಗಾಯಿತು. ಆದರೂ ಆ ರಾತ್ರಿ ಊಟಕ್ಕೆ ಕೂತಾಗ ಅವನು ಅಂದದ್ದು ಮಾತ್ರ ಹಳೆಯದನ್ನೇ: "ಈ ವರ್ಷ ಬಸವಂತ ಕೈ ಬಿಡೂದಿಲ್ಲ."

ಬಸವಂತ ಗಾಣಿಗರ ಓಣಿಯ ಮುಂದಾಳು. ಮೂರು ವರ್ಷದ ಹಿಂದೆ, ಅವನು ಯಾರೆಂದು ಯಾರಿಗೂ ಗೊತ್ತಿಲ್ಲದಾಗ, ಬಯಲಿನ ನಟ್ಟನಡುವಿನಿಂದ ಒಂದು ಗೋಲು ಹೊಡೆದಿದ್ದ. ಚೆಂಡು ಹಾರಿಹೋದ ದಾರಿಯನ್ನು ಜನ ಈಗಲೂ ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸುತ್ತಾರೆ. ಮರುವರ್ಷ ಇನ್ನೂರು ಮನೆಯವರು ಅವನನ್ನು ಪಟ್ಟಿಗೆ ಹಾಕಿದರು. ಅದರ ಮರುವರ್ಷ ಮುನ್ನೂರು. ಎರಡೂ ವರ್ಷ ಅವನು ಮೊದಲ ಎರಡು ವಾರ ಓಡಿದ, ಮೂರನೆಯ ವಾರ ನಡೆದ, ಐದನೆಯ ವಾರ ಗೂಟದ ಹಾಗೆ ನಿಂತ. ಜನ ಅದಕ್ಕೆ ದೃಷ್ಟಿ ತಾಗಿದೆ ಎಂದರು, ಮನೆಯಲ್ಲಿ ಏನೋ ಚಿಂತೆ ಎಂದರು. ಈ ವರ್ಷವಂತೂ ಎಣ್ಣೆ ಗಾಣದ ಚಂಬಣ್ಣನದು ಒಂದೇ ಮಾತು. ಚಂಬಣ್ಣ ಎಂದರೆ ಹೋದ ವರ್ಷ ಮೊದಲು ಬಂದವನು, ಅವನ ಮಾತಿಗೆ ತೂಕ. "ಬಸವಂತ ಈ ಮಳಿಗಾಲ ಪೂರಾ ಗುಂಡಗಲ್ಲು ಹೊತಗೊಂಡ ಗುಡ್ಡಾ ಹತ್ತ್ಯಾನ. ಈಗ ಎಷ್ಟ ಮನಿ ಬಿದ್ರೂ ತಡೀತಾನ. ಅವನ್ನ ತಲಿ ಮಾಡದಾಂವ ಹುಚ್ಚ!" ಎಂದು ಚಹಾದಂಗಡಿಯಲ್ಲಿ ಅವನು ಹೇಳಿದ್ದು ಸಂಜೆಯೊಳಗೆ ನಾಲ್ಕೂ ಓಣಿ ಸುತ್ತಿ ಬಂತು.

"ಅಪ್ಪಾ, ಎಲ್ಲಾರೂ ಅವನ್ನ ಹಾಕಿದ್ರ ಅವ ಹೆಂಗ ಓಡ್ಯಾನು?" ಎಂದು ನಾನು ಕೇಳಿದೆ.

"ನಮ್ಮದೊಂದ ಹಿಡಿ ಜ್ವಾಳ, ಅಷ್ಟರಾಗ ಏನ ಆಗತೈತೆವಾ?" ಎಂದ ಅಪ್ಪ. "ನಾವೊಬ್ರ ಬಿಟ್ಟು, ನಾಳಿ ಅವ ಗೋಲ ಹೊಡದ್ರ ಮುಖ ಎಲ್ಲಿ ಇಟ್ಟಗೊಳ್ಳೂನು? ಎಲ್ಲಾರ ಜೋಡಿ ಸೋತ್ರ ಅದು ಸೋಲಲ್ಲ."

ಎಲ್ಲರ ಜೊತೆ ಸೋತರೂ ಗುದ್ದಲಿ ಮಾತ್ರ ಒಂದೇ ಮನೆಗೆ ಬರುತ್ತದೆ ಎಂದು ನಾನು ಹೇಳಲಿಲ್ಲ. ಹೇಳಬೇಕಾದ ಮಾತು ನನಗೆ ಹೊಳೆಯುವುದೇ ತಡವಾಗಿ, ಬಚ್ಚಲಲ್ಲಿ ಪಾತ್ರೆ ತಿಕ್ಕುವಾಗ.

ಆದರೆ ಒಂದು ಸಂಗತಿ ನನಗೆ ಗೊತ್ತಿತ್ತು, ಊರಿಗೆ ಗೊತ್ತಿರಲಿಲ್ಲ. ಊರು ಆಟವನ್ನು ರವಿವಾರ ನೋಡುತ್ತಿತ್ತು, ನಾನು ಸೋಮವಾರ ನೋಡುತ್ತಿದ್ದೆ. ಏಳು ವರ್ಷ ಹೆಜ್ಜೆ ಮುಚ್ಚಿದವಳಿಗೆ ಅವು ಕೈಬರಹದ ಹಾಗೆ. ಬಸವಂತನ ಎಡ ಹೆಬ್ಬೆರಳು ಹೊರಗೆ ಚಾಚಿರುತ್ತದೆ. ಅವನ ಹೆಜ್ಜೆ ಮೊದಲ ವಾರ ನಾಲ್ಕು ಬೆರಳು ಇಳಿದಿದ್ದರೆ ಐದನೆಯ ವಾರ ಮೊಣಕೈ ಮುಳುಗುತ್ತದೆ. ದಣಿದವರ ಹಿಮ್ಮಡಿ ಮೊದಲು ಊರುತ್ತದೆ. ಆಟದ ಕೊನೆಯ ಹೊತ್ತಿನ ಹೆಜ್ಜೆಗಳೆಲ್ಲ ಹಿಮ್ಮಡಿಯ ಕಡೆಗೇ ಆಳ. ಇಡೀ ಬಯಲಿನಲ್ಲಿ ಒಬ್ಬನದು ಮಾತ್ರ ಹಾಗಿರಲಿಲ್ಲ. ಕುಂಬಾರ ಓಣಿಯ ಗೋಲಿನಿಂದ ಹಿಡಿದು ಎದುರಿನ ತಂಡದ ಮೂಲೆಯವರೆಗೂ, ಮತ್ತೆ ವಾಪಸ್ಸು, ಬರೀ ಮುಂಗಾಲಿನ ಗುರುತು. ಐದೇ ಬೆರಳು, ಮಣ್ಣಿಗೆ ಹೇಳಿ ಕೇಳಿ ಇಟ್ಟ ಹಾಗೆ. ಅವು ಎಲ್ಲಿಗೆ ಹೋಗಿ ನಿಲ್ಲುತ್ತಿದ್ದವೋ ಅಲ್ಲಿಂದಲೇ ಗೋಲಿನ ಚೆಂಡು ಹೊರಟಿರುತ್ತಿತ್ತು. ಜನ ಗೋಲು ಹೊಡೆದವನನ್ನು ಹೊತ್ತು ಕುಣಿಯುತ್ತಿದ್ದರು. ಚೆಂಡು ಕೊಟ್ಟವನು ಆಗಲೇ ತನ್ನ ಜಾಗಕ್ಕೆ ಓಡಿ ಹೋಗಿರುತ್ತಿದ್ದ. ಅವನು ದಾವಲಸಾಬ, ಬಳೆ ಮಾರುವವರ ಮಗ, ಕುಂಬಾರ ಓಣಿಯ ತಂಡದಲ್ಲಿ ಹಿಂದೆ ನಿಂತು ಕಾಯುವವನು. ಹೋದ ವರ್ಷ ಅವನನ್ನು ಹಾಕಿದ್ದು ಒಂದೇ ಮನೆ, ಅವನದೇ.

ಪಟ್ಟಿ ಬರೆಸುವ ದಿನ ಅಪ್ಪನ ಬಾಯಿ ಬಾತು ಕೂತಿತ್ತು. ಹಿಂದಿನ ದಿನವಷ್ಟೇ ದವಡೆ ಹಲ್ಲು ಕೀಳಿಸಿಕೊಂಡಿದ್ದ. ತಲೆಯ ಸುತ್ತ ಪಂಚೆ ಬಿಗಿದು, ಹತ್ತಿ ಕಚ್ಚಿಕೊಂಡಿದ್ದ. ಮಾತಾಡಿದರೆ ರಕ್ತ. ಹೆಸರುಗಳನ್ನು ಚಾವಡಿಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಹೇಳಬೇಕು ಎಂಬುದು ಕಟ್ಟಳೆ. ಅವ್ವ ಹಾಸಿಗೆಯಿಂದಲೇ, "ಕಾಶಿ ಹೇಳ್ತಾಳ ಬಿಡ್ರಿ" ಎಂದಳು. ಅಪ್ಪ ನನ್ನ ಅಂಗೈಯಲ್ಲಿ ಒಂದು ಚೀಟಿ ಇಟ್ಟ. ಬಸವಂತನ ಹೆಸರಿನ ಕೆಳಗೆ ಎರಡು ಗೆರೆ ಎಳೆದಿದ್ದ.

ಮೊದಲು ಬಂದ ಮನೆಯನ್ನು ಮೊದಲು ಕರೆಯುತ್ತಾರೆ, ಗುದ್ದಲಿ ಮನೆಯನ್ನು ಕಡೆಗೆ. ನಾನು ಹುಣಸೆಮರದ ಕೆಳಗೆ ನಿಂತು ನಾನೂರು ಮನೆಯವರು ಹೇಳುವುದನ್ನು ಕೇಳಿದೆ. ಚಂಬಣ್ಣ ಎದೆಯುಬ್ಬಿಸಿ ಬಸವಂತನನ್ನು ತಲೆ ಮಾಡಿದ. ಅಲ್ಲಿಂದ ಮುಂದೆ ಅದೇ ಹೆಸರು, ಗಿರಣಿಯ ಸದ್ದಿನ ಹಾಗೆ. ದಾವಲಸಾಬನ ಮನೆಯವರೂ ಈ ಸಲ ಮಗನನ್ನು ಬಿಟ್ಟು ಎಲ್ಲರ ಹೆಸರುಗಳನ್ನೇ ಹೇಳಿದರು. ಪಟ್ಟಿ ಬರೆಯುವ ಅಡಿವೆಪ್ಪ ಮಾಸ್ತರರು ಪೂರ್ತಿ ಹೆಸರು ಬರೆದು ಬೇಸತ್ತು ಬರೀ 'ಬ' ಎಂದು ಗೀಚತೊಡಗಿದರು. ಬಸವಂತ ಚಾವಡಿಯ ಮೆಟ್ಟಿಲ ಮೇಲೆ ಕೂತಿದ್ದ. ಪ್ರತಿ 'ಬ' ಬಿದ್ದಾಗಲೂ ಒಂದು ಸಲ ಉಸಿರು ಬಿಗಿಹಿಡಿದು ನಗುತ್ತಿದ್ದ. ಎಲ್ಲರಿಗಿಂತ ಕಡೆಯವಳಾಗಿ ನಾನು ಅವನನ್ನು ದಾಟಿ ಮೇಲೆ ಹತ್ತುವಾಗ ಮೆಲ್ಲಗೆ ಕೇಳಿದ: "ತಂಗೀ, ನನ್ನ ಹೆಜ್ಜಿ ಮುಚ್ಚೂದು ತ್ರಾಸ ಆಗತೈತಲ್ಲ?"

ನಾನು ಹೂಂ ಎಂದೆ.

"ಇಡೂದೂ ತ್ರಾಸನ ಐತಿ ಬಿಡು" ಎಂದ ಅವನು. ಈ ಸಲ ನಗಲಿಲ್ಲ.

ಗೋಡೆಯ ಮುಂದೆ ನಿಂತೆ. ನಾಲಗೆ ಎಂದಿನಂತೆ ಅಂಗುಳಕ್ಕೆ ಅಂಟಿತು. ಅಡಿವೆಪ್ಪ ಮಾಸ್ತರರು ನನಗೆ ಏಳನೆಯ ಇಯತ್ತೆಯವರೆಗೂ ಕಲಿಸಿದವರು. ಹಾಜರಿ ಕರೆದರೆ ನಾನು 'ಎಸ್ ಸರ್' ಅನ್ನದೆ ಕೈ ಎತ್ತುತ್ತಿದ್ದದ್ದು ಅವರಿಗೆ ನೆನಪಿತ್ತು. "ತಲಿ ಯಾರವಾ ಕಾಶವ್ವ? 'ಬ' ಅಂತ ಬರದಬಿಡ್ಲ್ಯಾ?" ಎಂದು ಸುಣ್ಣದ ಕಡ್ಡಿ ಎತ್ತಿದರು.

ಎಲ್ಲರೂ ಹೋ ಎಂದು ನಕ್ಕರು. ಆ ನಗುವಿಗೋ ಏನೋ ನಾಲಗೆ ಬಿಟ್ಟುಕೊಂಡಿತು.

"ದಾವಲಸಾಬ" ಎಂದೆ.

ಹಿಂದಿನಿಂದ "ಊಂ! ಊಂಊಂ!" ಎಂದು ಸದ್ದು ಬಂತು. ಅಪ್ಪ ಪಂಚೆ ಕಟ್ಟಿದ ತಲೆ ಅಲ್ಲಾಡಿಸುತ್ತ, ಕೈಯಿಂದ ಗಾಳಿಯಲ್ಲಿ ದೊಡ್ಡ 'ಬ' ಬರೆಯುತ್ತಿದ್ದ.

"ನಿಮ್ಮಪ್ಪ ಬ್ಯಾರೆ ಏನೋ ಹೇಳಾಕತ್ತಾನವಾ" ಎಂದರು ಮಾಸ್ತರರು.

"ಅಪ್ಪಗ ಹಲ್ಲ ಬ್ಯಾನಿ ಐತ್ರಿ ಸರ" ಎಂದೆ. "ದಾವಲಸಾಬ. ತಲಿ."

ಉಳಿದ ನಾಲ್ಕೂ ಹೆಸರು ಹೇಳಿದೆ. ಎಲ್ಲರೂ ಸೋಮವಾರದ ಮಣ್ಣು ನನಗೆ ತೋರಿಸಿಕೊಟ್ಟವರೇ, ಬಸವಂತ ಅವರಲ್ಲಿ ಇರಲಿಲ್ಲ. ಕಟ್ಟೆಯ ಮೇಲಿನಿಂದ ಚಂಬಣ್ಣ, "ಏಳ ವರ್ಷ ಗುಂಡಿ ಮುಚ್ಚಿ ಮುಚ್ಚಿ ಹುಡುಗಿ ತಲ್ಯಾಗೂ ಮಣ್ಣ ತುಂಬೇತಿ! ಫಕೀರಪ್ಪಾ, ಗುದ್ದಲಿಗೆ ಹೊಸಾ ಹಿಡಿಕಿ ಹಾಕಿಸಿಡೊ!" ಎಂದು ಅಪ್ಪನನ್ನು ಕೂಗಿದ. ಕಡ್ಡಿ ಗೋಡೆಗೆ ತಾಗಿತು. ಗುಂಪಿನ ಹಿಂದೆ ನಿಂತಿದ್ದ ದಾವಲ ಹೆಗಲನ್ನು ಒಮ್ಮೆ ಮುಟ್ಟಿ ನೋಡಿಕೊಂಡ, ಯಾರೋ ಕರೆದ ಹಾಗೆ.

ಅಪ್ಪನ ಹಲ್ಲು ನಾಲ್ಕು ದಿನಕ್ಕೆ ವಾಸಿಯಾಯಿತು. ಆದರೂ ಮಾತಾಡಲಿಲ್ಲ. ಮೊದಲ ರವಿವಾರ ಬಸವಂತ ಎರಡು ಗೋಲು ಹೊಡೆದ. ಊರಿಗೆ ಊರೇ ಇಪ್ಪತ್ತು ಅಂಕ ಮುಂದೆ ಹೋಯಿತು. ಎರಡನೆಯ ರವಿವಾರ ಮತ್ತೊಂದು. ಆ ಸೋಮವಾರ ಅಪ್ಪ ಬಂಡಿಯ ಮಣ್ಣನ್ನು ನನ್ನ ಕಾಲಬುಡದಲ್ಲೇ ಸುರಿದು, ಆಕಾಶ ನೋಡುತ್ತ, "ನಿಮ್ಮವ್ವನ ಬೆನ್ನಿನ ಮ್ಯಾಲ ಆಟ ಆಡಿದಿ" ಎಂದ. ಅಷ್ಟೇ ಅಂದದ್ದು. ನಾನು ಬಸವಂತನ ಹೆಜ್ಜೆಯೊಂದರೊಳಗೆ ಕೈ ಇಟ್ಟು ನೋಡಿದೆ. ಮಣಿಕಟ್ಟಿನ ಮೇಲಕ್ಕೆ ಬಂದಿತ್ತು. ಹಿಂದಿನ ವರ್ಷ ಎರಡನೆಯ ವಾರ ಇಷ್ಟು ಆಳ ಇರಲಿಲ್ಲ. ದಾವಲನ ಹೆಜ್ಜೆ ಹುಡುಕಿದೆ. ಐದು ಬೆರಳು, ಅರ್ಧ ಬೆರಳಿನಷ್ಟು ಆಳ. ಅವ್ವನ ಬದಲು ದಮ್ಮಸು ನಾನೇ ಹೊಡೆಯುತ್ತಿದ್ದೆ, ಕೈ ತುಂಬ ಬೊಬ್ಬೆ. ಆ ಬೊಬ್ಬೆಯ ಕೈಯಿಂದಲೇ ಅವನ ಹೆಜ್ಜೆ ಸವರಿ, ಅದನ್ನು ಎಲ್ಲಕ್ಕಿಂತ ಕಡೆಗೆ ಮುಚ್ಚಿದೆ.

ಮೂರನೆಯ ವಾರ ಬಸವಂತ ನಡೆದ. ನಾಲ್ಕನೆಯ ವಾರ ಗೋಲಿನ ಎದುರಿಗೇ ಚೆಂಡು ಬಂದು ನಿಂತರೂ ಕಾಲು ಕೀಳುವಷ್ಟರಲ್ಲಿ ಅದು ಹೋಗಿತ್ತು. ಜನ ಮತ್ತೆ ದೃಷ್ಟಿಯ ಮಾತು ತೆಗೆದರು, ಚಂಬಣ್ಣ ನಿಂಬೆಹಣ್ಣು ನಿವಾಳಿಸಿದ. ಅತ್ತ ಕುಂಬಾರ ಓಣಿಯ ಮೇಲೆ ಗೋಲು ಆಗುವುದೇ ನಿಂತುಹೋಯಿತು. ವಾರ ವಾರ ಎಂಟು ಅಂಕ, ಒಮ್ಮೆ ಹದಿನಾಲ್ಕು. ಐದನೆಯ ವಾರ ಮುಗಿದಾಗ ಅಪ್ಪ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದು ಬಂದು, ನನ್ನ ಎದುರು ಕೂತು, ತಾನಾಗಿಯೇ ಮಾತಾಡಿದ: "ಎಲ್ಲಾರ ಪಟ್ಟಿನೂ ಒಂದ ಐತಿ. ಅದಕ್ಕ ಎಲ್ಲಾರೂ ಕುರಿ ಹಿಂಡಿನಂಗ ಒಂದ ಕಡೆ ಅದಾರ. ನಡಕ ನಾಕ ಅಂಕಾನೂ ಇಲ್ಲ. ಹಿಂಡಿನ ಬಾಲದಿಂದ ನಾವು ಐದ ಅಂಕ ಹಿಂದ."

"ಹಂಗಾರ ಒಬ್ರನ್ನ ದಾಟಿದ್ರ ಎಲ್ಲಾರನ್ನೂ ದಾಟಿದಂಗಲ್ಲೇನ್ರಿ?" ಎಂದಳು ಅವ್ವ, ಗೋಡೆಗೊರಗಿ ಕೂತು.

ಅಪ್ಪ ನನ್ನನ್ನು ನೋಡಿದ. ನನ್ನ ಅಪ್ಪ ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ಎದ್ದು ನಡೆಯುವಾಗ ನನ್ನ ಕಾಲಿಗೆ ಏನೋ ಕೊಂಚ ಭಾರ ಎನಿಸಿತು.

ಆರನೆಯ ರವಿವಾರ ಸಂಜೆಯ ಆಟ ಕುಂಬಾರ ಓಣಿಗೂ ಗಾಣಿಗರ ಓಣಿಗೂ. ಅದಕ್ಕೂ ಮುಂಚಿನ, ಉಳಿದೆರಡು ಓಣಿಗಳ ಆಟದಲ್ಲಿ ಹಿಂಡಿಗೆ ಸಿಕ್ಕಷ್ಟೇ ನಮಗೂ ಸಿಕ್ಕಿ ಐದರ ಅಂತರ ಹಾಗೇ ಉಳಿದಿತ್ತು. ನಾನು ಕುಂಬಾರರ ಗೋಲಿನ ಹಿಂದೆ ನೀರಿನ ಕೊಡ ಇಟ್ಟುಕೊಂಡು ಕೂತೆ. ಎರಡೂ ಕಡೆ ಗೋಲಿಲ್ಲ. ಹಾಗೇ ಮುಗಿದರೆ ದಾವಲ ಎಂಟು ತರುತ್ತಿದ್ದ, ಗುದ್ದಲಿ ನಮ್ಮ ಮನೆ ಬಿಡುತ್ತಿತ್ತು. ಒಂದು ಗೋಲು ಬಸವಂತ ಹೊಡೆದನೋ, ದಾವಲನ ಎಂಟೂ ಹೋಗಿ ಹಿಂಡಿಗೆ ಹತ್ತು ಬೀಳುತ್ತಿತ್ತು.

ಆಟ ಮುಗಿಯಲು ಬಂದಾಗ ಚೆಂಡು ಎಲ್ಲಿಂದಲೋ ಪುಟಿದು ಬಸವಂತನ ಮುಂದೆಯೇ ಬಿತ್ತು. ಹತ್ತು ಮಾರು ದೂರದಲ್ಲಿ ಗೋಲು. ಊರೆಲ್ಲ ಎದ್ದು ನಿಂತಿತು. "ಹೊಡಿಯೊ ನಮ್ಮಪ್ಪಾ!" ಎಂದು ನಾನೂರು ಮನೆ ಒಂದೇ ಬಾಯಲ್ಲಿ ಕೂಗಿತು. ಆ ಕೂಗು ಅವನ ಹೆಗಲಿಗೆ ಇಳಿದದ್ದನ್ನು ನಾನು ನೋಡಿದೆ. ಅವನು ಬಲಗಾಲು ಎತ್ತಿದ. ಊರಿದ ಎಡಗಾಲು ಮೊಣಕಾಲಿನವರೆಗೆ ಹೂತುಹೋಯಿತು. ಅವನ ಒದೆತ ಚೆಂಡಿಗೆ ತಾಗುವ ಮೊದಲೇ ದಾವಲ ಮುಂಗಾಲಲ್ಲಿ ಬಂದು, ಮಗುವಿನ ಕೈಯಿಂದ ಆಟಿಕೆ ತೆಗೆದುಕೊಂಡಷ್ಟು ಮೆತ್ತಗೆ ಚೆಂಡು ತೆಗೆದುಕೊಂಡು ಹೊರಟ. ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ. ಅವನ ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ಮೂಲೆಯವರೆಗೆ ಹೋಗಿ, ತಲೆಯೆತ್ತಿ ನೋಡಿ, ಚೆಂಡನ್ನು ಒಳಗೆ ಕಳಿಸಿದ. ಯಾರ ಪಟ್ಟಿಯಲ್ಲೂ ಇಲ್ಲದ ಅವನ ಜೊತೆಗಾರನೊಬ್ಬ ಅದಕ್ಕೆ ತಲೆ ಕೊಟ್ಟ. ಗೋಲು.

ಜನರೆಲ್ಲ ಗೋಲು ಹೊಡೆದವನ ಕಡೆ ಓಡಿದರು. ದಾವಲ ತನ್ನ ಜಾಗಕ್ಕೆ ವಾಪಸ್ಸು ಓಡಿಬಂದ. ಬಂದವನು ನನ್ನ ಕೊಡದಿಂದ ಒಂದು ಬೊಗಸೆ ನೀರು ಕುಡಿದ. ಆಟ ಮುಗಿದ ಸೀಟಿ ಕೇಳಿಸಿತು.

ಚಾವಡಿಯ ಗೋಡೆಯ ಮೇಲೆ ಮಾಸ್ತರರು ನಮ್ಮ ಮನೆಯ ಮುಂದೆ ಹದಿನಾಲ್ಕು ಕೂಡಿಸಿದರು. ಸಂಶಯ ಬಂದು ಮತ್ತೊಮ್ಮೆ ಕೂಡಿಸಿದರು. ಹಿಂಡು ಅಲ್ಲೇ ನಿಂತಿತ್ತು. ನಾವು ಅದರ ಬಾಲದಿಂದ ಅದರ ಕೊಂಬು ದಾಟಿ ಮುಂದೆ ಬಂದಿದ್ದೆವು. ಹಿಂಡಿನ ಕಟ್ಟಕಡೆಗೆ, ಒಂದೇ ಒಂದು ಅಂಕದಿಂದ, ಚಂಬಣ್ಣ.

"ಮೊದಲನೇ ಮನಿ ಏನ ಕೇಳತೈತಿ?" ಎಂದರು ಮಾಸ್ತರರು. ಅಪ್ಪ ಬಾಯಿ ತೆರೆದ. ಈಗ ಅವನಿಗೆ ಹಲ್ಲುನೋವಿರಲಿಲ್ಲ, ಹೇಳಬಹುದಿತ್ತು. ಆದರೆ ಬಾಯಿ ಮುಚ್ಚಿಕೊಂಡು, ನನ್ನ ಬೆನ್ನಿನ ಮೇಲೆ ಕೈಯಿಟ್ಟು ನನ್ನನ್ನೇ ಮುಂದೆ ಮಾಡಿದ. ನಾನೂರು ಮನೆ ನನ್ನತ್ತ ತಿರುಗಿತು. ಕಾಲ ಕೆಳಗೆ ಚಾವಡಿಯ ಹಲಗೆ ಕಿರ್ ಎಂದಿತು.

"ಮುಂದಿನ ವರ್ಷನೂ ನಮ್ಮನ್ನ ಕಡೀಗೇ ಕರೀರಿ ಸರ" ಎಂದೆ.

"ಅಷ್ಟನ?"

"ಅಷ್ಟ ಸಾಕ್ರಿ. ಕಡೀಗೆ ನಿಂತ್ರ ಎಲ್ಲಾ ಕಾಣಸ್ತೈತಿ."

ಈ ಸಲ ಯಾರೂ ನಗಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದ ಬಸವಂತ ಮಾತ್ರ ನಕ್ಕ. ಜನ ಆಗಲೇ ದಾವಲನ ಹೆಸರು ಜಪಿಸತೊಡಗಿದ್ದರು, ಇವನನ್ನು ಒಬ್ಬರೂ ನೋಡುತ್ತಿರಲಿಲ್ಲ. ಅವನು ಎದ್ದು ಎರಡು ಮೆಟ್ಟಿಲನ್ನು ಒಟ್ಟಿಗೆ ಹಾರಿ ಇಳಿದ, ಸದ್ದೇ ಆಗಲಿಲ್ಲ. ನಾನು ಅದನ್ನು ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡೆ. ಮುಂದಿನ ವರ್ಷದ ತಲೆ ಯಾರು ಎಂದು ಅಂದಿನಿಂದ ಇಂದಿನವರೆಗೆ ಎಷ್ಟು ಜನ ಕೇಳಿದ್ದಾರೋ, ನಾನು ಯಾರಿಗೂ ಹೇಳಿಲ್ಲ.

ಮರುದಿನ ಬೆಳಿಗ್ಗೆ ಗುದ್ದಲಿಯನ್ನು ತೊಳೆದು ಬಯಲಿಗೆ ಒಯ್ದೆ. ಚಂಬಣ್ಣ ಬಿಳಿ ಧೋತರ ಮೊಣಕಾಲಿನ ಮೇಲಕ್ಕೆ ಕಟ್ಟಿಕೊಂಡು ನಿಂತಿದ್ದ. ಸೊಸೆಯನ್ನು ಕಳಿಸಲು ನೋಡಿದ್ದನಂತೆ. ಅವಳು, "ಮಾವನೋರ, ಬಸವಂತನ್ನ ತಲಿ ಮಾಡ್ರಿ ಅಂತ ನಾ ಹೇಳಿದ್ದಿಲ್ಲ" ಎಂದು ಬಾಗಿಲು ಹಾಕಿಕೊಂಡಳಂತೆ. ನಾನು ಗುದ್ದಲಿ ಅವನ ಕೈಗೆ ಕೊಟ್ಟೆ.

"ಅಣ್ಣಾರ, ಮೊದಲ ನೋಡ್ರಿ. ಆಮ್ಯಾಲ ಮುಚ್ಚರಿ."

"ಗುಂಡ್ಯಾಗ ನೋಡೂದೇನೈತಿ?" ಎಂದು ಅವನು ಮೊದಲ ಹೆಜ್ಜೆಗೆ ಆಗಲೇ ಮಣ್ಣು ಎಳೆದುಬಿಟ್ಟ. ಐದು ಬೆರಳಿನ, ಹಿಮ್ಮಡಿಯಿಲ್ಲದ ಹೆಜ್ಜೆ ಅದು.

ನಾನು ಬಯಲು ದಾಟಿ ಮನೆಯ ಕಡೆ ನಡೆದೆ. ದೂರದಲ್ಲಿ ಅವ್ವ ಬಾಗಿಲಿಗೆ ಬಂದು, ಕೈ ಹಣೆಗಿಟ್ಟು, ನೆಟ್ಟಗೆ ನಿಂತು ನೋಡುತ್ತಿದ್ದಳು. ಹಿಂದಿನಿಂದ ಚಂಬಣ್ಣ ಕೂಗಿದ: "ಏ ಕಾಶವ್ವಾ! ಇವು ಯಾರ ಹೆಜ್ಜಿ ಇಲ್ಲಿ? ಈಗರ ಹೊಸದಾಗಿ ಬಿದ್ದಾವಲ್ಲ!"

ತಿರುಗಿ ನೋಡಿದೆ. ನಾನು ನಡೆದು ಬಂದ ದಾರಿಯುದ್ದಕ್ಕೂ ಎರೆಮಣ್ಣಿನಲ್ಲಿ ಸಣ್ಣ ಹೆಜ್ಜೆಗಳು ಸಾಲಾಗಿ ಬಿದ್ದಿದ್ದವು. ಬಗ್ಗಿ ಒಂದರೊಳಗೆ ಬೆರಳಿಟ್ಟು ಅಳೆದೆ. ಪೂರಾ ಎರಡು ಬೆರಳು ಆಳ, ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ತುಂಬು ಹೆಜ್ಜೆ. ಅಭ್ಯಾಸಬಲದಿಂದ ಕೈ ತಾನಾಗಿಯೇ ಪಕ್ಕದ ಮಣ್ಣಿಗೆ ಹೋಯಿತು. ಕೈ ಹಿಂದೆ ತೆಗೆದುಕೊಂಡು, ಸೀರೆಗೆ ಒರೆಸಿಕೊಂಡು ಎದ್ದೆ. ಮುಚ್ಚುವ ಕೆಲಸ ಈಗ ನಮ್ಮ ಮನೆಯದಲ್ಲ.